ಕಾಸರಗೋಡಿನ ಬದಿಯಡ್ಕ ಹತ್ರ ಹಳೆ ಮನೆ ಖಾಲಿ ಮಾಡ್ಲಿಕ್ಕುಂಟು, ಸಾಮಾನು ಯಾರಿಗೆ ಕೊಡುವುದು?

ಅಜ್ಜನ ಮನೆ ಖಾಲಿ ಮಾಡ್ತಾ ಇದ್ದೇವೆ. ಡಬ್ಬಾ ಟಿವಿ, ಇನ್ವರ್ಟರ್ ಬ್ಯಾಟರಿ, ಹಾಸಿಗೆ, ಮುರಿದ ಮಂಚ, ರಾಶಿ ಪ್ಲಾಸ್ಟಿಕ್ ಉಂಟು. ಒಬ್ಬ ಪಿಕಪ್‌ನವ ಎಲ್ಲ ಒಟ್ಟಿಗೆ ಕೊಂಡೋಗ್ತೇನೆ ಅಂತಾನೆ, ಎಲ್ಲಿಗೆ ಅಂತ ಕೇಳಿದ್ರೆ ನಗ್ತಾನೆ. ಕೊಡ್ಬಹುದಾ?

ಪೆರ್ಲದವ:
ಕೊಡ್ಬೇಡಿ ಮಾರ್ರೆ. ರಾತ್ರಿ ಯಾವುದಾದ್ರೂ ಗುಡ್ಡೆಗೋ ತೋಡಿಗೋ ಸುರಿದು ಹೋದ್ರೆ, ಅದರಲ್ಲಿ ನಿಮ್ಮ ಹೆಸರಿದ್ದ ಒಂದು ಕರೆಂಟ್ ಬಿಲ್ ಸಿಕ್ಕಿದ್ರೂ ಪಂಚಾಯತಿನವರು ಬರುವುದು ನಿಮ್ಮ ಮನೆಗೇ. ಪ್ಲಾಸ್ಟಿಕ್ ತೊಳೆದು ಒಣಗಿಸಿ, ಮನೆಮನೆಗೆ ಬಂದು ಕಸ ತಗೊಳ್ಳುವ ಹರಿತಕರ್ಮಸೇನೆಯವರಿಗೆ ಕೊಡಿ, ಪಂಚಾಯತಲ್ಲಿ ತಿಂಗಳಿಗೆ 50 ರೂಪಾಯಿ ಅಷ್ಟೆ. ಗ್ಲಾಸ್, ಚಪ್ಪಲಿ, ಇ-ವೇಸ್ಟ್ ಎಲ್ಲ ತಿಂಗಳೂ ತಗೊಳ್ಳುವುದಿಲ್ಲ, ಅದಕ್ಕೆ ಬೇರೆ ಬೇರೆ ತಿಂಗಳು ಉಂಟು, ವಾರ್ಡ್ ಮೆಂಬರ್ ಹತ್ರ ಕೇಳಿ.

ಗುಜರಿ ಪ್ರೇಮಿ:
ಬ್ಯಾಟರಿ ಮಾತ್ರ ಫ್ರೀ ಕೊಟ್ಟುಬಿಡ್ಬೇಡಿ!! ಒಳಗೆ ಸೀಸ ಉಂಟು, ಹೊಸತು ತೆಗೆಯುವಾಗ ಅಂಗಡಿಯವ ಎಕ್ಸ್‌ಚೇಂಜಲ್ಲಿ ರೇಟ್ ಕಡಿಮೆ ಮಾಡ್ತಾನೆ. ಕಬ್ಬಿಣ, ತಾಮ್ರ, ಪೇಪರ್ ಗುಜರಿಯವನಿಗೆ, ತೂಕ ಎದುರಿಗೇ ನೋಡಿ. ಟಿವಿ ಒಡೆಯಲಿಕ್ಕೆ ಹೋಗ್ಬೇಡಿ, ಆ ಗ್ಲಾಸಲ್ಲೂ ಸೀಸ ಇರ್ತದೆ.

ಕುಂಬಳೆ ಅಕ್ಕ:
ಮಂಚ ಗಟ್ಟಿ ಮರದ್ದಾದ್ರೆ ಆಚಾರಿಗೆ ತೋರಿಸಿ. ಪ್ಲೈವುಡ್ಡು, ಪೈಂಟ್ ಹಚ್ಚಿದ್ದು ಬಚ್ಚಲ ಒಲೆಗೆ ಹಾಕ್ಬೇಡಿ, ಹೊಗೆ ಒಳ್ಳೇದಲ್ಲ. ಕಷ್ಟ ಇರುವುದು ಹಾಸಿಗೆದ್ದು. ಹತ್ತಿಯದ್ದಾದ್ರೆ ಬಿಚ್ಚಿ ಹೊಸತು ಹೊಲಿಸ್ಬಹುದು, ಫೋಮಿನದ್ದಕ್ಕೆ ಪಂಚಾಯತಲ್ಲೇ ಕೇಳ್ಬೇಕು, ಬಾಡಿಗೆ ಗಾಡಿಯ ಖರ್ಚು ನಿಮ್ಮದೇ ಆದೀತು.

ಕೇಳಿದವ:
ಹಾಸಿಗೆ ಫೋಮಿನದ್ದೇ ಅಕ್ಕ 😅 ಪಿಕಪ್‌ನವನಿಗೆ ಬೇಡ ಅಂದೆ.