ಚಳಿಗೆ ಡೀಸೆಲ್ ಕಾರು ಸ್ಟಾರ್ಟ್ ಆಗ್ತಿಲ್ಲ, ನಾಲ್ಕೂ ಇಂಜೆಕ್ಟರ್ ಬದಲಾಯಿಸಬೇಕಾ?

ಗೂಡು ವ್ಯಾಪಾರಿ, ಶಿಡ್ಲಘಟ್ಟ
ನಮಸ್ಕಾರ. ನನ್ನದು 2014ರ ಕಾರು, 1.3 ಲೀಟರ್ ಕಾಮನ್ ರೈಲ್ ಡೀಸೆಲ್ ಎಂಜಿನ್. ಚಳಿ ಶುರುವಾದಾಗಿನಿಂದ ಬೆಳಗ್ಗೆ ರೇಷ್ಮೆ ಗೂಡಿನ ಮಾರ್ಕೆಟ್‌ಗೆ ಹೊರಡುವ ಹೊತ್ತಿಗೆ ಸರಿಯಾಗಿ ಕೈ ಕೊಡುತ್ತದೆ. ಸೆಲ್ಫ್ ಹೊಡೆದೂ ಹೊಡೆದೂ ಕೊನೆಗೆ ಸ್ಟಾರ್ಟ್ ಆದರೆ ಬಿಳಿ ಹೊಗೆ, ಗಾಡಿಯೆಲ್ಲಾ ನಡುಕ. ಸ್ವಲ್ಪ ಹೊತ್ತಾದ ಮೇಲೆ ತಾನೇ ಸರಿಹೋಗುತ್ತದೆ. ಬ್ಯಾಟರಿ ಹೊಸದು. ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ, ನಾಲ್ಕೂ ಇಂಜೆಕ್ಟರ್ (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಹೋಗಿವೆ ಅಂದರು. ಅಷ್ಟು ದುಡ್ಡು ಸುಮ್ನೆ ಹಾಕಲು ಮನಸ್ಸು ಬರುತ್ತಿಲ್ಲ.

ಕೋಲಾರದವನು
ಡೀಸೆಲ್ ಫಿಲ್ಟರ್ ನೋಡಿದ್ರಾ? ತಳದಲ್ಲಿರುವ ಸ್ಕ್ರೂ ಸಡಿಲಿಸಿ ನೀರು ಇಳಿಸಿ. ನಮ್ಮ ಗಾಡಿಯಲ್ಲಿ ನೀರು ನಿಂತೇ ಸ್ಟಾರ್ಟಿಂಗ್ ತೊಂದರೆ ಬಂದಿತ್ತು.

ಮೆಕ್ಯಾನಿಕ್, ಚಿಕ್ಕಬಳ್ಳಾಪುರ
ಫಿಲ್ಟರ್ ನೋಡುವುದು ಒಳ್ಳೆಯದೇ. ಅದಕ್ಕೂ ಮೊದಲು ಒಂದು ಹೇಳಿ ಅಣ್ಣ, ಮಧ್ಯಾಹ್ನ ಎಂಜಿನ್ ಬಿಸಿ ಇರುವಾಗ ಹೇಗೆ?

ಗೂಡು ವ್ಯಾಪಾರಿ, ಶಿಡ್ಲಘಟ್ಟ
ಮಧ್ಯಾಹ್ನ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ.

ಮೆಕ್ಯಾನಿಕ್, ಚಿಕ್ಕಬಳ್ಳಾಪುರ
ಹಾಗಾದರೆ ಇಂಜೆಕ್ಟರ್‌ಗೆ ಈಗಲೇ ದುಡ್ಡು ಕೊಡಬೇಡಿ. ಸವೆದ ಇಂಜೆಕ್ಟರ್ ಸಾಮಾನ್ಯವಾಗಿ ಬಿಸಿಯಲ್ಲೇ ಜಾಸ್ತಿ ಕಾಟ ಕೊಡುತ್ತದೆ. ಕಾದ ಡೀಸೆಲ್ ತೆಳ್ಳಗಾಗಿ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಲೈನಿಗೆ ಸೋರಿ ಹೋಗುತ್ತದೆ, ರೈಲಿನಲ್ಲಿ, ಅಂದರೆ ಎಲ್ಲಾ ಇಂಜೆಕ್ಟರಿಗೂ ಡೀಸೆಲ್ ಕೊಡುವ ಪೈಪಿನಲ್ಲಿ, ಪ್ರೆಷರ್ ಏರುವುದಿಲ್ಲ. ನಿಮ್ಮದು ತಣ್ಣಗಿದ್ದಾಗ ಮಾತ್ರ. ಬಿಳಿ ಹೊಗೆ ಅಂದರೆ ಉರಿಯದೇ ಹೊರಬಂದ ಡೀಸೆಲ್. ನನ್ನ ಅನುಮಾನ ಹೀಟರ್ ಪ್ಲಗ್ ಮೇಲೆ, ಅಂದರೆ ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಒಳಗೆ ಬಿಸಿ ಮಾಡುವ ಪ್ಲಗ್. ಒಂದೆರಡು ಸತ್ತಿದ್ದರೆ ಆ ಸಿಲಿಂಡರ್ ಬಿಸಿಯಾಗುವವರೆಗೂ ಎಂಜಿನ್ ನಡುಗುತ್ತದೆ. ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ ಮಾತ್ರ ಹೇಳಿ, ಅದು ಹೆಡ್ ಗ್ಯಾಸ್ಕೆಟ್ (ಎಂಜಿನ್ ಮೇಲ್ಭಾಗದ ಹೆಡ್ ಕೆಳಗಿನ ಸೀಲ್) ವಿಷಯ, ಬೇರೆಯೇ ಕಥೆ.

ಪ್ಲಗ್ ಪರೀಕ್ಷೆಗೆ ಒಂದು ಇಂಡಿಕೇಟರ್ ಬಲ್ಬ್ ಸಾಕು. ಕೀ ಆಫ್ ಮಾಡಿ, ಪ್ಲಗ್‌ಗಳ ವೈರ್ ತೆಗೆಯಿರಿ. ಬಲ್ಬಿನ ಒಂದು ವೈರ್ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಪ್ಲಗ್ ತುದಿಗೆ. ಉರಿಯದಿದ್ದರೆ ಆ ಪ್ಲಗ್ ಹೋಗಿದೆ. ನಾಲ್ಕರಲ್ಲೂ ಉರಿದರೆ ಪ್ಲಗ್ಗಿಗೆ ಕರೆಂಟ್ ಕೊಡುವ ರಿಲೇ, ಫ್ಯೂಸ್ ನೋಡಿ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಯಾವ ಸಿಲಿಂಡರ್ ಹೊಡೆಯುತ್ತಿಲ್ಲ ಅಂತ ತಿಳಿಯಲು ಎಂಜಿನ್ ಓಡುವಾಗಲೇ ಇಂಜೆಕ್ಟರ್ ನಟ್ ಸಡಿಲಿಸುವ ಅಭ್ಯಾಸ ನಮ್ಮ ಕಡೆ ಇದೆ. ಹಳೇ ಟ್ರ್ಯಾಕ್ಟರ್‌ಗೆ ಅದು ನಡೆಯುತ್ತಿತ್ತು. ಕಾಮನ್ ರೈಲಿನಲ್ಲಿ ಪ್ರೆಷರ್ 1000 ಬಾರ್ ದಾಟುತ್ತದೆ, ಟೈರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್ ಅಷ್ಟೇ. ಆ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಸಣ್ಣ ಚುಚ್ಚಿದ ಗಾಯದ ಹಾಗೆ ಕಂಡರೂ ಬೆರಳೇ ಹೋಗಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕು. ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಏರ್ ಫಿಲ್ಟರ್ ಹತ್ತಿರ ಪೆಟ್ರೋಲ್ ಬಟ್ಟೆ ಹಿಡಿದು ಸ್ಟಾರ್ಟ್ ಮಾಡುವುದೂ ಬೇಡ. ಪ್ಲಗ್ ಕೆಂಪಗೆ ಕಾದಿದ್ದರೆ ಒಳಗೇ ಸಿಡಿಯುತ್ತದೆ.

ಗೂಡು ವ್ಯಾಪಾರಿ, ಶಿಡ್ಲಘಟ್ಟ
ಕೂಲೆಂಟ್ ಸರಿ ಇದೆ. ಎರಡು ಪ್ಲಗ್‌ಗೆ ಬಲ್ಬ್ ಉರಿಯಲಿಲ್ಲ! ತುಂಬಾ ಥ್ಯಾಂಕ್ಸ್ ಅಣ್ಣ. ಜೊತೆಗೆ ನಂದಿ ಏರಿನಲ್ಲಿ ಪಿಕಪ್ ಇಲ್ಲ, ಕಪ್ಪು ಹೊಗೆ ಬರುತ್ತದೆ. ಅದೂ ಇದಕ್ಕೇನಾ?

ಮೆಕ್ಯಾನಿಕ್, ಚಿಕ್ಕಬಳ್ಳಾಪುರ
ಅಲ್ಲ. ಕಪ್ಪು ಹೊಗೆ ಅಂದರೆ ಡೀಸೆಲ್‌ಗೆ ಬೇಕಾದಷ್ಟು ಗಾಳಿ ಸಿಗುತ್ತಿಲ್ಲ. ಕ್ರಷರ್ ಇರುವ ರಸ್ತೆಗಳಲ್ಲಿ ಓಡಾಡುತ್ತಿದ್ದರೆ ಮೊದಲು ಏರ್ ಫಿಲ್ಟರ್ ನೋಡಿ. ಆಮೇಲೆ ಎಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಟರ್ಬೋದ ಪೈಪು. ಕ್ಲಿಪ್ ಹತ್ತಿರ ಎಣ್ಣೆ ಜಿಡ್ಡು, ಆಕ್ಸಿಲರೇಟರ್ ಒತ್ತಿದಾಗ ಸುಯ್ ಅನ್ನುವ ಸದ್ದು ಇದ್ದರೆ ಪೈಪು ಸೀಳಿದೆ. ಎರಡೂ ಸರಿ ಇದ್ದರೆ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ ಒಳಗೆ ಬಿಡುವ ವಾಲ್ವ್) ಮಸಿ ಹಿಡಿದು ತೆರೆದೇ ನಿಂತಿರಬಹುದು, ಬಿಚ್ಚಿ ಕ್ಲೀನ್ ಮಾಡಿಸಿ.

ಹೀಟರ್ ಪ್ಲಗ್ ನಾಲ್ಕೂ ಒಟ್ಟಿಗೇ ಹಾಕಿಸಿ, ಉಳಿದೆರಡೂ ಅಷ್ಟೇ ಹಳೆಯವು ಅಲ್ವಾ. ಹಳೇ ಪ್ಲಗ್ ಬಿಚ್ಚುವಾಗ ಎಂಜಿನ್ ಬೆಚ್ಚಗಿರಬೇಕು, ಹಿಂದಿನ ದಿನವೇ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿರಬೇಕು. ಬಿಗಿಯಾಗಿದ್ದರೆ ಜೋರು ಮಾಡದೆ ನಿಲ್ಲಿಸಲು ಹೇಳಿ. ಮುರಿದು ಒಳಗೆ ಉಳಿದರೆ ಹೆಡ್ಡೇ ಇಳಿಸಬೇಕಾಗಬಹುದು.