ಓದುಗರ ಸ್ಪಂದನ: ರಾತ್ರಿಯ ಬಸ್ಸಾರು ಯಾರ ತಟ್ಟೆಗೆ?

ಹಾಸನದ ಓದುಗರೊಬ್ಬರು ಬರೆದಿದ್ದರು: ‘ಶನಿವಾರ ರಾತ್ರಿ ಮಕ್ಕಳು ಹೋಟೆಲಿನಿಂದ ಪಾರ್ಸಲ್ ತರಿಸುತ್ತಾರೆ. ನಾನು ಮಾಡಿಟ್ಟ ಬಸ್ಸಾರು, ಮುದ್ದೆ ಹಾಗೇ ಉಳಿಯುತ್ತದೆ. ಬೆಳಿಗ್ಗೆ ನಾನೊಬ್ಬಳೇ ಉಣ್ಣುತ್ತೇನೆ. ಚೆಲ್ಲಲು ಮನಸ್ಸಾಗದು, ಉಂಡರೆ ಸಿಟ್ಟು ಬರುತ್ತದೆ. ಪಾರ್ಸಲ್ ತಿಂದರೂ ತಪ್ಪು ಮಾಡಿದ ಹಾಗೆ. ನನ್ನದು ಜಿಪುಣತನವೇ?’

ಮೊದಲು ಬಂದ ಪತ್ರವೇ ಎಲ್ಲಕ್ಕಿಂತ ಚಿಕ್ಕದು.

ಪಾರ್ಸಲ್ ಬರುವ ದಿನ ಒಲೆ ಹಚ್ಚಬೇಡಿ. ಮುಗೀತು.
– ಓದುಗ, ಬೇಲೂರು

ಬಸ್ಸಾರು ಒಂದು ರಾತ್ರಿ ಕಳೆದರೇನೇ ಹದ, ಹುಳಿ-ಖಾರ ಆಗಲೇ ಹಿಡಿಯೋದು. ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿದು ಹೊಲಕ್ಕೆ ಹೋದವರು ನಾವು. ನಷ್ಟ ಮಕ್ಕಳದ್ದು ಕಣಮ್ಮ, ನಿಮ್ಮದಲ್ಲ.
– ನಿವೃತ್ತ ಶಿಕ್ಷಕ, ಅರಸೀಕೆರೆ

ರುಚಿಯ ಮಾತು ಒಪ್ಪೋಣ. ಮುಂದಿನ ಪತ್ರವನ್ನು ಕತ್ತರಿಸಲು ನಮಗೆ ಮನಸ್ಸಾಗಲಿಲ್ಲ.

ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಮ್ಮ ಎಲ್ಲರ ಊಟ ಮುಗಿದ ಮೇಲೆ ಪಾತ್ರೆಗಳ ತಳ ನೋಡಿ ಬಡಿಸಿಕೊಳ್ಳುತ್ತಿದ್ದಳು. ಕಾವಲಿಯಿಂದಿಳಿದ ಅಕ್ಕಿರೊಟ್ಟಿ ನಮಗೆ, ಹಿಂದಿನ ದಿನದ್ದು ಅವಳಿಗೆ. ಕೇಳಿದರೆ ‘ನಂಗೆ ತಂಗ್ಳೇ ರುಚಿ ಕಣೆ’ ಅನ್ನುವಳು. ನಾವು ನಂಬಿದೆವು. ನಂಬಿದರೆ ನಮಗೇ ಅನುಕೂಲವಿತ್ತಲ್ಲ! ಕೊನೆಗಾಲದಲ್ಲಿ ಆಸ್ಪತ್ರೆಯಲ್ಲಿದ್ದಾಗ ಮಸಾಲೆದೋಸೆ ಪಾರ್ಸಲ್ ತಂದುಕೊಟ್ಟೆ. ಎಲೆಯೊಳಗೆ ಬೆವೆತು ಮೆತ್ತಗಾಗಿತ್ತು. ‘ಬಿಸಿಬಿಸಿ ಐತೆ’ ಅಂತ ಗಬಗಬನೆ ತಿಂದಳು. ನನಗೊಂದು ತುಂಡು ಬೇಕೇ ಎಂದು ಕೇಳಲಿಲ್ಲ. ಅವಳು ಹಾಗೆ ಕೇಳದೆ ತಿಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಈಗ ಸೊಸೆ ಪಾತ್ರೆಯ ತಳ ಕೆರೆಯುವುದು ಕಂಡರೆ ಸೌಟು ಕಿತ್ತುಕೊಳ್ಳುತ್ತೇನೆ. ಅತ್ತೆ ಜಗಳಗಂಟಿ ಅಂದುಕೊಂಡಿದ್ದಾಳೆ. ಅಂದುಕೊಳ್ಳಲಿ.
– ಹೆಸರು ಬೇಡ, ಮೂಡಿಗೆರೆ

ಸಾರನ್ನು ಚೆನ್ನಾಗಿ ಕುದಿಸಿ ಉಣ್ಣಿ. ಅನ್ನದ ವಿಷಯದಲ್ಲಿ ಮಾತ್ರ ಹುಷಾರು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಉಳಿಯುತ್ತವೆ. ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. 2 ಗಂಟೆಯೊಳಗೆ ಫ್ರಿಜ್ಜಿಗಿಡಿ. ಪಾರ್ಸಲ್ ಬಿರಿಯಾನಿಗೂ ಇದೇ ಮಾತು. ಹಾಸನಾಂಬೆಯ ಗುಡಿಯಲ್ಲಿ ಇಟ್ಟ ನೈವೇದ್ಯ ವರ್ಷ ಕಳೆದರೂ ಹಳಸದು ಎಂಬ ನಂಬಿಕೆಯಿದೆ. ನಮ್ಮ ಅಡುಗೆಮನೆಗಳಿಗೆ ಆ ವರ ಇಲ್ಲ.
– ನರ್ಸ್, ಚಿಕ್ಕಮಗಳೂರು

ಕೇಳಿದ್ದು ಹೊಟ್ಟೆಯ ವಿಷಯವಲ್ಲದಿದ್ದರೂ ಉಪಯುಕ್ತ ಮಾತು.

ಕುದಿಯುವ ಸಾಂಬಾರನ್ನು ಪ್ಲಾಸ್ಟಿಕ್ ಕವರಿಗೆ ಸುರಿದು ಗಂಟು ಹಾಕಿ ಕೊಡುತ್ತಾರಲ್ಲ, ಅದರ ಬಗ್ಗೆ ಯಾರೂ ಯಾಕೆ ಬರೆಯುವುದಿಲ್ಲ? ರಾಜ್ಯದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧವಾಗಿದ್ದು 2016ರಲ್ಲಿ! ಸ್ಟೀಲ್ ಡಬ್ಬಿ ಕೊಂಡೊಯ್ಯಿರಿ.
– ಓದುಗ, ಸಕಲೇಶಪುರ

ನಾನು ಪಾರ್ಸಲ್ ತರುವ ಪಾರ್ಟಿ. ಅಮ್ಮನಿಗೆ ಒಂದು ದಿನ ರಜೆ ಸಿಗಲಿ ಅಂತಲೇ ತರೋದು. ಆದರೂ ‘ಏನಾದ್ರೂ ಇರ್ಲಿ’ ಅಂತ ಅಡುಗೆ ಮಾಡ್ತಾರೆ. ಉಳಿದರೆ ಮುಖ ಊದಿಸಿಕೊಳ್ತಾರೆ. ನಾವೇನು ಮಾಡಬೇಕು ಹೇಳಿ?
– ಮಗ, ಚನ್ನರಾಯಪಟ್ಟಣ

ಭಾನುವಾರ ಬೆಳಿಗ್ಗೆ ನೀವೂ ತಟ್ಟೆ ಹಿಡಿದು ಆ ಸಾರಿಗೆ ಕೂರಬಹುದೇನೋ ನೋಡಿ. ಈ ವಿಷಯದ ಪತ್ರಗಳನ್ನು ಇಲ್ಲಿಗೆ ನಿಲ್ಲಿಸಿದ್ದೇವೆ.
– ಸಂ.