ತಮ್ಮ ಮುಂದಿನ ವಾರ ಜಾಮೀನಿನ ಮೇಲೆ ಹೊರಗೆ ಬರುತ್ತಾನೆ, ಮೊದಲ ದಿನ ಏನು ಮಾಡಬೇಕು?

ಸುರತ್ಕಲ್_ಅಕ್ಕ

ಎಲ್ಲರಿಗೂ ನಮಸ್ಕಾರ. ಮನೆಯ ಹೆಸರು ಹೇಳದೆ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನನ್ನ ತಮ್ಮನಿಗೆ 24 ವರ್ಷ. ಧಕ್ಕೆಯಲ್ಲಿ ಬೋಟಿನಿಂದ ಮೀನು ಇಳಿಸುವ ಕೆಲಸಕ್ಕೆ ಹೋಗುತ್ತಿದ್ದ. ಸೊಂಟನೋವಿಗೆ ಅಂತ ಜೊತೆಯವರು ಟ್ರಮಡಾಲ್ ಮಾತ್ರೆ ಕೊಟ್ಟರು. ಅದು ದಿನಕ್ಕೆ ಒಂದರಿಂದ ಎಂಟಕ್ಕೆ ಹೋಯಿತು, ಆಮೇಲೆ ಬ್ರೌನ್ ಶುಗರ್ ಅನ್ನುವ ಹೆರಾಯಿನ್ ಪುಡಿ. ದುಡ್ಡು ಸಾಲದೆ ಎರಡು ಮೊಬೈಲ್ ಕದ್ದ. ಈಗ ಎರಡು ಕೇಸ್ ಉಂಟು, ಒಂದು ಕಳ್ಳತನದ್ದು, ಇನ್ನೊಂದು ಕಿಸೆಯಲ್ಲಿ ಸಿಕ್ಕಿದ 2 ಗ್ರಾಂ ಪುಡಿಯದ್ದು. ಜಾಮೀನು ಆದೇಶ ಆದರೂ ಜಮೀನಿನ ಆರ್‌ಟಿಸಿ ಹಿಡಿದುಕೊಂಡು ಬಂದು ಜಾಮೀನು ನಿಲ್ಲುವವರು ಸಿಗಲಿಲ್ಲ, ನೆಂಟರು ಫೋನೇ ಎತ್ತಲಿಲ್ಲ, ಹಾಗೆ ಎರಡು ತಿಂಗಳು ಒಳಗೇ ಕಳೆದ. ಈಗ ದೊಡ್ಡಮ್ಮನ ಮಗ ಜಾಮೀನು ನಿಲ್ಲುತ್ತೇನೆ ಅಂದಿದ್ದಾರೆ.

ಅಮ್ಮ ಹೇಳುತ್ತಾರೆ, ಎರಡು ತಿಂಗಳು ಮುಟ್ಟಿಲ್ಲ, ಮೈಕೈ ತುಂಬಿಕೊಂಡಿದ್ದಾನೆ, ಇನ್ನು ಹೆದರಿಕೆ ಇಲ್ಲ ಅಂತ. ಮಾವ ಮುಂಬೈಗೆ ಹೋಟೆಲ್ ಕೆಲಸಕ್ಕೆ ಕಳಿಸಿಬಿಡಿ ಅನ್ನುತ್ತಾರೆ. ಆದರೆ ಕಳೆದ ವಾರ ನೋಡಲು ಹೋದಾಗ ತಮ್ಮ ತಲೆ ತಗ್ಗಿಸಿಕೊಂಡು, "ಅಕ್ಕ, ರಾತ್ರಿ ಕನಸಲ್ಲೂ ಅದೇ ಬರ್ತದೆ" ಅಂದ. ಆವತ್ತಿನಿಂದ ನನಗೆ ನಿದ್ದೆ ಇಲ್ಲ. ಎರಡು ತಿಂಗಳು ಬಿಟ್ಟರೆ ಗುಣ ಆದ ಹಾಗಾ? ಎಲ್ಲಿಗೆ ಕರೆದುಕೊಂಡು ಹೋಗಲಿ?

ಮಣಿಪಾಲದ_ಸಿಸ್ಟರ್

ಅಕ್ಕ, ನಾನು ಮನೋರೋಗ ವಾರ್ಡಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದ ನರ್ಸ್. ಮೊದಲು ಒಂದು ಮಾತು, ಇದನ್ನು ಅಮ್ಮನಿಗೂ ಓದಿ ಹೇಳಿ. ಜೈಲಿನಲ್ಲಿ ನಿಂತದ್ದು ಗುಣ ಆದದ್ದಲ್ಲ. ಬೆವರು, ಭೇದಿ, ಮೈ ಸೆಳೆತ, ಅದೆಲ್ಲ ಮೊದಲ ಒಂದೆರಡು ವಾರದಲ್ಲಿ ಮುಗಿಯುತ್ತದೆ. ಆಸೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಅವನು ಕನಸಿನ ವಿಷಯ ನಿಮ್ಮ ಹತ್ತಿರ ಹೇಳಿಕೊಂಡದ್ದು ಒಳ್ಳೆಯದೇ, ಅದಕ್ಕೆ ಬೈಯಬೇಡಿ.

ನಿಜವಾದ ಅಪಾಯ ಬೇರೆ. ಎರಡು ತಿಂಗಳು ಬಿಟ್ಟ ದೇಹಕ್ಕೆ ಮೊದಲಿನ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲ. ಹೊರಗೆ ಬಂದವನು ಹಳೇ ಲೆಕ್ಕದಲ್ಲೇ ತೆಗೆದುಕೊಂಡರೆ ಉಸಿರಾಟ ನಿಧಾನವಾಗಿ ನಿಂತೇ ಹೋಗಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆ ಆದವರ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಬಂತು. ಮೊದಲ ಎರಡು ವಾರದಲ್ಲಿ ಮಿತಿಮೀರಿದ ಡೋಸ್‌ನಿಂದ ಸಾಯುವ ಸಂಭವ ಹೊರಗಿನ ಸಾಮಾನ್ಯ ಜನರಿಗಿಂತ 129 ಪಟ್ಟು ಜಾಸ್ತಿ ಇತ್ತು. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಅಮ್ಮ ಹೆದರಿಕೆ ಇಲ್ಲ ಅನ್ನುವ ಆ ಹದಿನೈದು ದಿನವೇ ಎಲ್ಲಕ್ಕಿಂತ ಹೆಚ್ಚು ನೋಡಿಕೊಳ್ಳಬೇಕಾದದ್ದು, ಅದಕ್ಕೇ ಮುಂಬೈ ಬೇಡ.

ಇದಕ್ಕೆ ಔಷಧಿ ಉಂಟು. ಬ್ಯುಪ್ರೆನಾರ್ಫಿನ್ ಅಂತ ನಾಲಿಗೆಯ ಅಡಿಯಲ್ಲಿಡುವ ಮಾತ್ರೆ, ಅದು ಆಸೆಯನ್ನು ಹತೋಟಿಗೆ ತರುತ್ತದೆ. ಇನ್ನೊಂದು ನಾಲ್ಟ್ರೆಕ್ಸೋನ್, ಅದು ಅಮಲು ಏರದ ಹಾಗೆ ತಡೆಯುತ್ತದೆ, ಆದರೆ ಮೈಯಲ್ಲಿ ಬ್ರೌನ್ ಶುಗರ್ ಪೂರ್ತಿ ಇಳಿದ ಮೇಲೆ ಮಾತ್ರ ಕೊಡುವಂಥದ್ದು. ಯಾವುದು ಅಂತ ಡಾಕ್ಟರ್ ನೋಡಿ ಹೇಳಬೇಕು, ನೀವು ಅಂಗಡಿಯಲ್ಲಿ ಕೇಳಲು ಹೋಗಬೇಡಿ. "ಒಂದು ಬಿಟ್ಟು ಇನ್ನೊಂದು ಚಟ" ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಶುಗರ್ ಇದ್ದವರು ಇನ್ಸುಲಿನ್ ತೆಗೆದುಕೊಂಡರೆ ಚಟ ಅನ್ನುವುದಿಲ್ಲ ಅಲ್ವಾ.

ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್‌ಲಾಕ್‌ನ ಮನೋರೋಗ ವಿಭಾಗಕ್ಕೆ ನೀವೇ ಮುಂಚೆ ಒಮ್ಮೆ ಹೋಗಿ, ಹೀಗೆ ತಮ್ಮ ಬರುತ್ತಾನೆ ಅಂತ ಹೇಳಿ ಬನ್ನಿ. 14446 ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಎಚ್ಚರ ತಪ್ಪಿ, ತುಟಿ ನೀಲಿಯಾಗಿ, ಗೊರಗೊರ ಸದ್ದು ಬಂದರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಏನು ತೆಗೆದುಕೊಂಡಿದ್ದಾನೆ ಅಂತ ಮುಚ್ಚಿಡದೆ ಹೇಳಿ, ನಾಲೋಕ್ಸೋನ್ ಇಂಜೆಕ್ಷನ್ ಕೊಟ್ಟರೆ ಉಸಿರು ತಿರುಗುತ್ತದೆ.

ಕಾರ್ಕಳ_ವಕೀಲ

ಸಿಸ್ಟರ್ ಹೇಳಿದ್ದರ ಮೇಲೆ ಕಾನೂನಿನ ಮಾತು. ಹೆರಾಯಿನ್ 5 ಗ್ರಾಂ ವರೆಗೆ ಕಾನೂನಿನ ಲೆಕ್ಕದಲ್ಲಿ ಸಣ್ಣ ಪ್ರಮಾಣ, ಬ್ರೌನ್ ಶುಗರ್ ಅಂದರೆ ಅದೇ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ, 64ಎ ಅಂತ ಒಂದು ಕಲಂ ಉಂಟು. ಸಣ್ಣ ಪ್ರಮಾಣದ ಕೇಸ್ ಇರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹೋದರೆ ಆ ಕೇಸಿನಿಂದ ವಿನಾಯಿತಿ ಕೇಳಬಹುದು. ಅರ್ಧದಲ್ಲಿ ಬಿಟ್ಟರೆ ವಿನಾಯಿತಿ ಹೋಗುತ್ತದೆ. ಶಿಕ್ಷೆ ಆದ ಹಂತದಲ್ಲೂ 39ನೇ ಕಲಂ ಪ್ರಕಾರ ಜೈಲಿನ ಬದಲು ಚಿಕಿತ್ಸೆಗೆ ಬಾಂಡ್ ಬರೆಸಿಕೊಂಡು ಬಿಡುವ ಅಧಿಕಾರ ಕೋರ್ಟಿಗೆ ಉಂಟು. ಕೇಳುವವರು ಕಡಿಮೆ, ಅದೇ ಬೇಸರ. ಮೊಬೈಲ್ ಕೇಸಿಗೆ ಮಾತ್ರ ಇದು ಅನ್ವಯಿಸುವುದಿಲ್ಲ, ಅದು ಬೇರೆಯೇ ನಡೆಯುತ್ತದೆ.

ಇನ್ನೊಂದು, ವಾರ್ಡಿಗೆ ದಾಖಲಾದರೆ ವಾಯಿದೆಯ ದಿನ ಕೋರ್ಟಿಗೆ ಬರಲು ಆಗುವುದಿಲ್ಲ. ವಕೀಲರಿಗೆ ಮೊದಲೇ ಆಸ್ಪತ್ರೆಯ ಚೀಟಿ ಕೊಡಿ, ಅವರು ಗೈರುಹಾಜರಿಗೆ ಅರ್ಜಿ ಹಾಕುತ್ತಾರೆ. ಸುಮ್ನೆ ತಪ್ಪಿಸಿದರೆ ವಾರಂಟ್ ಆಗಿ ಪುನಃ ಒಳಗೆ ಹೋಗುತ್ತಾನೆ, ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಅಂಗಡಿಯವ_ಬೈಕಂಪಾಡಿ

ಅಕ್ಕ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ನನ್ನ ಅಂಗಡಿಯ ಶಟರ್ ಎರಡು ಸಲ ಮುರಿದವನೂ ಇಂಥವನೇ. ಹಿಡಿದರು, ಬಿಟ್ಟರು, ಪುನಃ ಬಂದ. ಕದ್ದವನಿಗೆ ಔಷಧಿ, ವಿನಾಯಿತಿ ಅಂದರೆ ಕಳೆದುಕೊಂಡವರಿಗೆ ಏನು?

ಆರು_ವರ್ಷ_ಆಯಿತು

ಅಂಗಡಿಯಣ್ಣ, ನಿಮ್ಮ ಸಿಟ್ಟು ಸರಿ. ನಾನೂ ಕದ್ದವನೇ, ನನ್ನದು ಶರಾಬು. ಒಳಗೆ ಹೋದ ಮೂರನೇ ರಾತ್ರಿ ಕೈ ನಡುಗಿ, ಗೋಡೆಯಲ್ಲಿ ಇಲ್ಲದ್ದೆಲ್ಲ ಕಾಣಿಸಿತು, ಫಿಟ್ಸ್ ಬಂತು. ನಾಟಕ ಅಂದುಕೊಂಡರು. ದಿನಾ ಕುಡಿಯುವವನು ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಅಂತ ಆಮೇಲೆ ಡಾಕ್ಟರ್ ಹೇಳಿದರು. ಹೊರಗೆ ಬಂದ ದಿನವೇ ಕುಡಿದೆ, ಪುನಃ ಕದ್ದೆ, ಪುನಃ ಒಳಗೆ. ಹೀಗೆ ಮೂರು ಸಲ. ನಾಲ್ಕನೇ ಸಲ ಅಣ್ಣ ಬಂದು ಗೇಟಿನಿಂದ ನೇರ ಆಸ್ಪತ್ರೆಗೆ ಕರೆದುಕೊಂಡು ಹೋದ. ಆಮೇಲೆ ಎಎ ಮೀಟಿಂಗ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ. ಆರು ವರ್ಷದಿಂದ ಯಾರ ಶಟರನ್ನೂ ಮುಟ್ಟಿಲ್ಲ. ಶಿಕ್ಷೆ ಆಗಲಿ ಅಣ್ಣ, ಬೇಡ ಅನ್ನುವುದಿಲ್ಲ, ನನಗೂ ಆಯಿತು. ಅದರ ಜೊತೆಗೆ ಔಷಧಿಯೂ ಸಿಕ್ಕಿದ್ದರೆ ಎರಡನೇ ಕಳ್ಳತನವೇ ಆಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಅಕ್ಕ, ಕಟ್ಟಿಹಾಕಿ ಬಿಡಿಸುತ್ತೇವೆ ಅನ್ನುವ ಸೆಂಟರ್‌ಗಳಿಗೆ ಕಳಿಸಬೇಡಿ. ಸರಪಳಿ ಹಾಕುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಿಷೇಧ.

ಮಣಿಪಾಲದ_ಸಿಸ್ಟರ್

ನಾನು ಹೇಳಿದ ಔಷಧಿಯನ್ನು ಜೈಲಿನೊಳಗೇ ಶುರು ಮಾಡಬಹುದು. ದೆಹಲಿಯ ತಿಹಾರ್‌ನಲ್ಲಿ 2008ರಲ್ಲೇ ಬ್ಯುಪ್ರೆನಾರ್ಫಿನ್ ಕೊಡಲು ಆರಂಭಿಸಿದ್ದರು. ಅಮೆರಿಕದ ರೋಡ್ ಐಲೆಂಡ್ ಜೈಲುಗಳಲ್ಲಿ 2016ರಲ್ಲಿ ಔಷಧಿ ಶುರುವಾಯಿತು. ಒಂದು ವರ್ಷದ ಅಂತರದಲ್ಲಿ, ಬಿಡುಗಡೆ ಆದವರಲ್ಲಿ ಡೋಸ್ ಹೆಚ್ಚಾಗಿ ಸಾಯುವವರ ಸಂಖ್ಯೆ ಶೇ 61ರಷ್ಟು ಇಳಿಯಿತು. ನಮ್ಮ ಎಲ್ಲ ಜಿಲ್ಲೆಗಳಲ್ಲೂ ಇದು ಬರಬೇಕು.

ಸುರತ್ಕಲ್_ಅಕ್ಕ

ಎಲ್ಲರಿಗೂ ಕೈಮುಗಿಯುತ್ತೇನೆ. ಇವತ್ತು ವೆನ್‌ಲಾಕ್‌ಗೆ ಹೋಗಿ ಬಂದೆ, ಕರೆದುಕೊಂಡು ಬನ್ನಿ ಅಂದರು. ಒಂದೇ ಚಿಂತೆ, ಬಿಡುಗಡೆ ಸಂಜೆ ಆಗುತ್ತದಂತೆ, ಆ ರಾತ್ರಿ?

ಮಣಿಪಾಲದ_ಸಿಸ್ಟರ್

ಆ ರಾತ್ರಿ ಒಬ್ಬನೇ ಬಿಡಬೇಡಿ. ಅವನ ಹಳೇ ಫೋನ್ ಕೊಡಬೇಡಿ, ಕೈಯಲ್ಲಿ ದುಡ್ಡು ಬೇಡ. ಊಟ ಮಾಡಿಸಿ, ಪಕ್ಕದಲ್ಲೇ ಮಲಗಿ. ತೆಗೆದುಕೊಳ್ಳಬೇಕು ಅನ್ನಿಸಿದರೆ ನನ್ನನ್ನು ಎಬ್ಬಿಸು ಅಂತ ಮೊದಲೇ ಹೇಳಿಡಿ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ.

ಸುರತ್ಕಲ್_ಅಕ್ಕ

ಸರಿ ಸಿಸ್ಟರ್. ಎರಡು ದಿನ ಕೆಲಸಕ್ಕೆ ರಜೆ ಹಾಕಿದ್ದೇನೆ. ಅಮ್ಮನಿಗೆ ಓದಿ ಹೇಳಿದೆ, ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಚಾವಡಿಯಲ್ಲಿ ಅವನ ಚಾಪೆಯ ಪಕ್ಕ ತನ್ನದನ್ನೂ ತಂದಿಟ್ಟರು.